ಧ್ವನಿಭಂಡಾರದ ಬೀಗದ ಕೈ

ಕಾಳಗಿ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆಯ ಹಳೆಯ ಮನೆಗಳನ್ನು ಹೊಕ್ಕು ನೋಡಿದರೆ ಅಟ್ಟದ ಮೇಲೋ ಹಾಸಿಗೆಯ ಗಂಟುಗಳ ಹಿಂದೆಯೋ ಒಂದು ತಗಡಿನ ಟ್ರಂಕು ಕಾಣಸಿಗುವುದುಂಟು. ಅದರೊಳಗೆ ಮೂವತ್ತು ನಲವತ್ತು ವರ್ಷಗಳ ಹಿಂದಿನ ಕ್ಯಾಸೆಟ್ಟುಗಳು. ಶ್ರಾವಣದ ಭಜನೆ, ಮೊಹರಮ್ಮಿನ ರಿವಾಯತ್ ಪದ, ಬೀಸುಕಲ್ಲಿನ ಮುಂದೆ ಕುಳಿತು ಅವ್ವನು ಹಾಡಿದ ಹಾಡು, ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳನ್ನು ಏಕತಾರಿಯೊಡನೆ ಹಾಡಿದ ಊರ ಮುತ್ಯಾನ ದನಿ, ಇವುಗಳ ಜೊತೆಗೆ ಒಂದೆರಡು ಮದುವೆಗಳ ವಿಡಿಯೋ ಟೇಪುಗಳು. ಚೀಟಿಗಳ ಮೇಲಣ ಶಾಯಿಯು ಮಾಸಿದೆ. ನುಡಿಸುವ ಯಂತ್ರವು ಕೆಟ್ಟು ಎಷ್ಟೋ ವರ್ಷಗಳಾದುವು. ಈ ಟ್ರಂಕಿನ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಬೇಕೆಂದು ನಾವು ಇಂದು ಲೇಖನಿಯನ್ನೆತ್ತಿರುವೆವು.

ಇದು ಅಷ್ಟು ದೊಡ್ಡ ವಿಷಯವೇ ಎಂದು ಕೆಲವು ವಾಚಕರು ಕೇಳಬಹುದು. ತೊಗರಿಯ ಬೆಲೆಯ ಮಾತಿದೆ, ನೀರಿನ ಮಾತಿದೆ, ಶಹಾಬಾದದ ಕಲ್ಲುಗಣಿಗಳ ಕೂಲಿಕಾರರ ಮಾತಿದೆ. ಇವೆಲ್ಲವನ್ನೂ ಬಿಟ್ಟು ಹಳೆಯ ಕ್ಯಾಸೆಟ್ಟಿನ ಪುರಾಣವೇಕೆ? ಆ ಮಾತುಗಳನ್ನು ನಾಳೆಯೂ ಆಡಬಹುದು, ಆಡಲೇಬೇಕು. ಆದರೆ ಟ್ರಂಕಿನೊಳಗಣ ಟೇಪು ನಾಳೆಗೆ ಕಾಯುವುದಿಲ್ಲ. ಕಾಂತಶಕ್ತಿಯ ಲೇಪವನ್ನು ಪಟ್ಟಿಗೆ ಹಿಡಿದಿಡುವ ಅಂಟು ನಮ್ಮ ಬೇಸಗೆಯ ನಲವತ್ತೆರಡು ನಲವತ್ಮೂರು ಡಿಗ್ರಿಯ ಧಗೆಯಲ್ಲಿ ವರ್ಷವರ್ಷಕ್ಕೂ ಸಡಿಲುವುದು. ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿಯುವುದು. ಟೇಪು ಉಳಿದರೂ ಯಂತ್ರವು ಉಳಿಯುವಂತಿಲ್ಲ. ವಿಡಿಯೋ ಟೇಪನ್ನು ನುಡಿಸುವ ವಿ.ಸಿ.ಆರ್. ಯಂತ್ರಗಳನ್ನು ಲೋಕದಲ್ಲಿ ಕಟ್ಟಕಡೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆಯು 2016ರಲ್ಲಿಯೇ ಆ ಕೆಲಸವನ್ನು ನಿಲ್ಲಿಸಿತು. ಇನ್ನು ಮೇಲೆ ದೊರೆಯುವುದೆಲ್ಲವೂ ಹಳೆಯ ಸರಕೇ.

"ಅಂತರ್ಜಾಲಕ್ಕೆ ಏರಿಸಿಬಿಟ್ಟರಾಯಿತಲ್ಲ" ಎಂಬುದು ತರುಣರು ಕೂಡಲೇ ಕೊಡುವ ಉತ್ತರ. ಏರಿಸಲಿ, ನಾವು ಬೇಡವೆನ್ನೆವು. ಹತ್ತು ಜನರು ಕೇಳಿ ಸಂತೋಷಪಡುವುದು ಒಳ್ಳೆಯದೇ. ಆದರೆ ಏರಿಸಿ, ಮೂಲವನ್ನು ಕೈಬಿಟ್ಟು, ನಿಶ್ಚಿಂತೆಯಿಂದ ಕೂರುವುದನ್ನು ಮಾತ್ರ ನಾವು ಒಪ್ಪಲಾರೆವು. ಎರವಲಿನ ಆಕಾಶವನ್ನು ನಂಬುವುದು ಎಂಥದೆಂಬ ಅನುಭವವು ನಮ್ಮ ಜಿಲ್ಲೆಗೆ ಹೊಸದಲ್ಲ. 1975ರ ಆಗಸ್ಟಿನಲ್ಲಿ ಕಲಬುರಗಿ, ರಾಯಚೂರು, ವಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಿಗೆ ಟೆಲಿವಿಷನ್ ಬಂದಿತು. ರಾಜಧಾನಿಯಾದ ಬೆಂಗಳೂರಿಗೇ ಆಗ ಅದು ಬಂದಿರಲಿಲ್ಲ! ಅಮೆರಿಕದವರು ಒಂದು ವರ್ಷದ ಮಟ್ಟಿಗೆ ಕೊಟ್ಟಿದ್ದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಕನ್ನಡದ ಕಾರ್ಯಕ್ರಮಗಳು ಹಳ್ಳಿಯ ಕಟ್ಟೆಗಿಳಿದುವು. ಜನರು ಸಂಜೆಯಾಯಿತೆಂದರೆ ಗುಂಪುಗೂಡಿದರು. 1976ರ ಜುಲೈ 31ಕ್ಕೆ ಗಡುವು ತೀರಿತು, ಉಪಗ್ರಹವು ಸರಿದುಹೋಯಿತು, ಆ ಪ್ರಸಾರವು ನಿಂತಿತು. ಮರುವರ್ಷ ಕಲಬುರಗಿಯಲ್ಲಿಯೇ ನಮ್ಮ ದೂರದರ್ಶನದ ಪ್ರಸಾರವು ಆರಂಭವಾದ ಮೇಲೆ ಆ ಕೊರತೆಯು ಸ್ವಲ್ಪ ಮಟ್ಟಿಗೆ ನೀಗಿತು. ಕೊಟ್ಟವರ ಮೇಲೆ ನಮ್ಮ ದೂರೇನೂ ಇಲ್ಲ. ಒಂದು ವರ್ಷವೆಂದು ಮೊದಲೇ ಹೇಳಿಯೇ ಕೊಟ್ಟಿದ್ದರು.

ಈಗಿನ ಸಾಹುಕಾರರು ಗಡುವನ್ನು ಮೊದಲೇ ಹೇಳುವುದೂ ಇಲ್ಲ. ಗೂಗಲ್ ಪ್ಲೇ ಮ್ಯೂಸಿಕ್ ಎಂಬ ಸಂಗೀತಶಾಲೆಯು 2020ರಲ್ಲಿ ಬಾಗಿಲಿಕ್ಕಿತು. ನಮ್ಮ ದೇಶದ ಕೋಟ್ಯಂತರ ಮೊಬೈಲುಗಳಲ್ಲಿದ್ದ ವಿಂಕ್ 2024ರಲ್ಲಿ ಮುಚ್ಚಿತು. ಮೈಸ್ಪೇಸ್ ಎಂಬಲ್ಲಿಯಂತೂ ಲಕ್ಷೋಪಲಕ್ಷ ಗಾಯಕರು ಹನ್ನೆರಡು ವರ್ಷಗಳ ಕಾಲ ಏರಿಸಿಟ್ಟಿದ್ದ ಹಾಡುಗಳು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವಾಗ ಅಳಿದುಹೋದುವೆಂದು 2019ರಲ್ಲಿ ಲೋಕಕ್ಕೆ ತಿಳಿಯಿತು. ಕ್ಷಮಾಯಾಚನೆಯ ಎರಡು ಸಾಲುಗಳು, ಅಷ್ಟೇ. ಸೇಡಮಿನ ಒಬ್ಬ ಭಜನೆಯ ಮುತ್ಯಾನ ಪದಗಳು ಅಲ್ಲಿ ಇದ್ದಿದ್ದರೆ ಯಾರನ್ನು ಕೇಳಬೇಕಾಗಿತ್ತು?

ಆದುದರಿಂದ ಮನೆಯ ಸರಕನ್ನು ಮನೆಯಲ್ಲಿಯೇ ಇಟ್ಟುಕೊಂಡು, ಬೀಗದ ಕೈಯನ್ನು ನಮ್ಮ ಸೊಂಟದಲ್ಲಿಯೇ ಸಿಕ್ಕಿಸಿಕೊಳ್ಳುವ ಉಪಾಯವೊಂದನ್ನು ವಾಚಕರ ಮುಂದಿಡುವೆವು. ಇದಕ್ಕೆ ಮೀಡಿಯಾ ಸರ್ವರ್ ಎಂದು ಹೆಸರು. ಹೆಸರನ್ನು ಕೇಳಿ ಬೆದರಬೇಕಾದುದಿಲ್ಲ. ಮನೆಯ ಒಂದು ಮೂಲೆಯಲ್ಲಿ ಹಗಲಿರುಳೂ ಎಚ್ಚತ್ತಿದ್ದು, ಆ ಮನೆಯ ಟಿ.ವಿ.ಯಲ್ಲಾಗಲಿ ಮೊಬೈಲಿನಲ್ಲಾಗಲಿ ಕೇಳಿದವರಿಗೆ ಕೇಳಿದ ಹಾಡನ್ನೂ ಚಿತ್ರವನ್ನೂ ಎತ್ತಿಕೊಡುವ ಒಂದು ಕಂಪ್ಯೂಟರು. ಇಷ್ಟೇ ಅದರ ಸ್ವರೂಪ. ಊರ ಹೊರಗಿನ ತಂತಿಯು ಕಡಿದುಹೋದರೂ ಮನೆಯೊಳಗಣ ವೈಫೈ ಇದ್ದರೆ ಅದು ನಡೆಯುವುದು. ಇದಕ್ಕೆ ಹೊಸ ಯಂತ್ರವೂ ಬೇಡ. ವಿಂಡೋಸ್ 10 ಎಂಬುದಕ್ಕೆ ಅದರ ಒಡೆಯರು 2025ರ ಅಕ್ಟೋಬರ್ 14ರಂದು ಸಾಮಾನ್ಯ ಆಸರೆಯನ್ನು ನಿಲ್ಲಿಸಿದ ಬಳಿಕ, ಅದರ ಮುಂದಿನ ಅವತಾರಕ್ಕೆ ಒಗ್ಗದ ಗಟ್ಟಿಮುಟ್ಟಾದ ಕಂಪ್ಯೂಟರುಗಳು ಕಚೇರಿ ಕಾಲೇಜುಗಳ ಮೂಲೆ ಸೇರುತ್ತಿರುವುವು. ಅವುಗಳಲ್ಲಿ ಯಾವುದೊಂದಾದರೂ ಲಿನಕ್ಸನ್ನು ಹೊತ್ತುಕೊಂಡು ಇನ್ನೂ ಹಲವು ವರ್ಷ ದುಡಿಯಬಲ್ಲುದು. ಇಪ್ಪತ್ತು ವಾಟಿನ ಸಣ್ಣ ಯಂತ್ರವಾದರೆ ತಿಂಗಳಿಗೆ ಸುಮಾರು 15 ಯೂನಿಟ್ ವಿದ್ಯುತ್ತು ಸಾಕು.

ಲಿನಕ್ಸೇ ಏಕೆಂಬುದಕ್ಕೆ ಕಾರಣವು ಅದಕ್ಕೆ ಬೆಲೆಯಿಲ್ಲವೆಂಬುದಷ್ಟೇ ಅಲ್ಲ. ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ಕಾರ್ಯದ ಮೂಲಬರಹವನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇದನ್ನು ತಡೆಯುವ ಹಕ್ಕು ಯಾವ ಒಡೆಯನಿಗೂ ಇಲ್ಲ. ಅದರ ಮೇಲೆ ಕಟ್ಟಿದ ಡೆಬಿಯನ್ ಎಂಬ ವ್ಯವಸ್ಥೆಯನ್ನು 1993ರಿಂದ ಸ್ವಯಂಸೇವಕರೇ ನಡೆಸಿಕೊಂಡು ಬಂದಿರುವರು. ಹಾಡುಗಳನ್ನು ಒಪ್ಪವಾಗಿ ಜೋಡಿಸಿ ಬಡಿಸುವ ಜೆಲ್ಲಿಫಿನ್ ಎಂಬ ತಂತ್ರಾಂಶದ ಹುಟ್ಟಂತೂ ನಮಗೆ ಬಹಳ ಹಿಡಿಸಿದ ಕಥೆ. ಎಂಬಿ ಎಂಬ ಮುಕ್ತ ತಂತ್ರಾಂಶವೊಂದಿತ್ತು. ಜನರು ಅದನ್ನು ನೆಚ್ಚಿಕೊಂಡಿದ್ದರು. 2018ರಲ್ಲಿ ಅದರ ಕರ್ತರು ಮೂಲಬರಹವನ್ನು ಮುಚ್ಚಿಕೊಂಡರು. ಬಳಸುತ್ತಿದ್ದವರಲ್ಲಿ ಕೆಲವರು ಗೋಳಿಡುತ್ತ ಕೂರಲಿಲ್ಲ. ಮುಚ್ಚುವ ಮುಂಚೆ ತೆರೆದಿದ್ದ ಬರಹವನ್ನೇ ತೆಗೆದುಕೊಂಡು ಅದೇ ಡಿಸೆಂಬರಿನಲ್ಲಿ ಬೇರೆ ಸಂಸಾರ ಹೂಡಿದರು. ಅದೇ ಜೆಲ್ಲಿಫಿನ್. ತೆರೆದ ಬರಹವನ್ನು ಹೀಗೆ ಕೈಗೆತ್ತಿಕೊಳ್ಳುವ ಹಕ್ಕು ಇದ್ದುದರಿಂದಲೇ ಇದು ಸಾಧ್ಯವಾಯಿತು. ಸ್ವದೇಶಿಯ ಮಾತನ್ನು ಹಿರಿಯರಿಂದ ಕೇಳಿ ಬೆಳೆದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೆಲಸದ ಕ್ರಮ. ಚಾಲ್ತಿಯಲ್ಲಿರುವ ಒಂದು ಟೇಪ್ ರೆಕಾರ್ಡರನ್ನು ಹುಡುಕಿ, ಅದರ ತಲೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಅದರ ಧ್ವನಿಯನ್ನು ತಂತಿಯ ಮೂಲಕ ಕಂಪ್ಯೂಟರಿಗೆ ಹರಿಯಬಿಡಬೇಕು. ಆಡಾಸಿಟಿ ಎಂಬ ಮುಕ್ತ ತಂತ್ರಾಂಶವು ಅದನ್ನು ಹಿಡಿದಿಡುವುದು. ಅರವತ್ತು ನಿಮಿಷದ ಕ್ಯಾಸೆಟ್ಟು ಅರವತ್ತು ನಿಮಿಷವನ್ನೇ ಬೇಡುವುದು. ಇಲ್ಲಿ ಅವಸರಕ್ಕೆ ಎಡೆಯಿಲ್ಲ. 48 ಕಿಲೋಹರ್ಟ್ಸ್, 24 ಬಿಟ್ಟಿನ ಉತ್ತಮ ದರ್ಜೆಯಲ್ಲಿ ಹಿಡಿದರೆ ಗಂಟೆಗೆ ಸುಮಾರು ಒಂದು ಗಿಗಾಬೈಟ್ ಆಗುವುದು. ಅದನ್ನು ಫ್ಲಾಕ್ ಎಂಬ ರೂಪದಲ್ಲಿ ಇಟ್ಟರೆ ಧ್ವನಿಯ ಒಂದು ಕಣವೂ ಕಳೆಯದೆ ಗಾತ್ರವು ಗಣನೀಯವಾಗಿ ತಗ್ಗುವುದು. ಎಂಪಿ3 ಮಾಡಿ ಮೂಲವನ್ನು ಎಸೆಯುವವರು ಬೀಜದ ಕಾಳನ್ನು ಹುರಿದು ತಿನ್ನುವವರೇ ಸರಿ. ಇನ್ನೂರು ಕ್ಯಾಸೆಟ್ಟುಗಳಿದ್ದರೂ ಇನ್ನೂರು ಗಿಗಾಬೈಟನ್ನು ದಾಟಲಾರದು. ಇಂದಿನ ಸಾಮಾನ್ಯ ಹಾರ್ಡ್ ಡಿಸ್ಕಿನ ಒಂದು ಮೂಲೆಗೆ ಅದು ಸಾಲದು.

ನಿಜವಾದ ಕಷ್ಟವು ಇದರ ಆಚೆಗಿದೆ; ಅದು ಹೆಸರಿನ ಕಷ್ಟ. ಜೆಲ್ಲಿಫಿನ್ನಿಗೆ ಹೆಸರಾಂತ ಚಲನಚಿತ್ರವೊಂದನ್ನು ಕೊಟ್ಟರೆ ಅದು ಹೊರಗಿನ ಕೋಶಗಳಲ್ಲಿ ಹುಡುಕಿ ನಟರ ಹೆಸರು, ವರ್ಷ, ಚಿತ್ರಪಟ ಎಲ್ಲವನ್ನೂ ತಾನೇ ತಂದಿಟ್ಟುಕೊಳ್ಳುವುದು. ಚಿಂಚೋಳಿಯ ಕಡೆಯ ರಿವಾಯತ್ ಪದವನ್ನು ಕೊಟ್ಟರೆ? ಲೋಕದ ಯಾವ ಕೋಶದಲ್ಲಿಯೂ ಅದಿಲ್ಲ. ಕೆಲವು ವೇಳೆ ತಪ್ಪಾಗಿ ಹೊಂದಿಸಿ, ಊರ ಭಜನೆಗೆ ಯಾವುದೋ ಪರದೇಶದ ಗೀತೆಯ ಮುಖಪಟವನ್ನು ಅಂಟಿಸಿಬಿಡುವುದೂ ಉಂಟು, ನಕ್ಕು ತಿದ್ದಬೇಕು. ಹಾಡಿದವರಾರು, ಯಾವ ಊರು, ಯಾವ ವರ್ಷ, ಯಾರ ಮನೆಯಲ್ಲಿ, ಪದವು ಯಾರದು, ತಾಳ ಹಾಕಿದವರು ಯಾರು ಎಂಬುದನ್ನೆಲ್ಲ ನಾವೇ ಬರೆದು ಹಾಡಿನ ಪಕ್ಕದಲ್ಲಿ ಸಣ್ಣದೊಂದು ಫೈಲಾಗಿ ಇಡಬೇಕು. ಹಾಗೆ ಇಟ್ಟರೆ ಯಂತ್ರವು ಕೆಟ್ಟು ಬೇರೊಂದನ್ನು ತಂದಾಗಲೂ ವಿವರವು ಹಾಡಿನೊಂದಿಗೇ ಹೋಗುವುದು. ಈ ವಿವರವನ್ನು ಹೇಳಬಲ್ಲವರು ಎಂಬತ್ತರ ಆಸುಪಾಸಿನ ಮುದುಕರು. ಟೇಪಿಗಿಂತ ಬೇಗನೆ ನಮ್ಮ ಕೈತಪ್ಪುತ್ತಿರುವವರು ಇವರೇ. ಆದುದರಿಂದ ಮೊದಲು ಚೀಟಿಯನ್ನು ಬರೆಯಿರಿ, ಆಮೇಲೆ ಟೇಪನ್ನು ನುಡಿಸಿರಿ ಎಂದು ನಮ್ಮ ಸಲಹೆ.

ಬರೆಯುವುದು ಕನ್ನಡದಲ್ಲಿಯೇ ಆಗಲಿ, ಅದೂ ಯೂನಿಕೋಡಿನಲ್ಲಿ. ಹಿಂದೆ ಉತ್ಸಾಹದಿಂದ ಪಟ್ಟಿಗಳನ್ನು ಮಾಡಿಟ್ಟ ಕೆಲವರು ಹಳೆಯ ಫಾಂಟುಗಳಲ್ಲಿ ಟೈಪಿಸಿದ್ದರು. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ರೋಮನ್ ಅಕ್ಷರಗಳ ಗೊಂದಲವಲ್ಲದೆ ಮತ್ತೇನೂ ಕಾಣದು. ಲಿನಕ್ಸಿನಲ್ಲಿ ಫೈಲಿನ ಹೆಸರನ್ನೇ ಕನ್ನಡದಲ್ಲಿಡಬಹುದು. ಆದರೆ ಒಂದು ಮಿತಿಯುಂಟು. ಹೆಸರು 255 ಬೈಟುಗಳನ್ನು ಮೀರಕೂಡದು. ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟು ತಿನ್ನುವುದರಿಂದ ನಮಗೆ ದಕ್ಕುವುದು 85 ಮಾತ್ರ. 'ಕ್ಷ' ಎಂಬ ಒಂದು ಒತ್ತಕ್ಷರವೇ ಮೂರು ಸಂಕೇತಗಳನ್ನು ನುಂಗುವುದು. ಇಂಗ್ಲಿಷಿನವರಿಗೆ ಇಡೀ 255 ಅಕ್ಷರಗಳ ಬಯಲು! ಇರಲಿ, ಹೆಸರನ್ನು ಚಿಕ್ಕದಾಗಿಟ್ಟು ವಿವರವನ್ನು ಪಕ್ಕದ ಫೈಲಿಗೆ ಬಿಟ್ಟರೆ ತೊಂದರೆಯಿಲ್ಲ.

ಇಷ್ಟು ಮಾಡಿದವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುವರು, ಕೆಡುವುದೂ ಇಲ್ಲಿಯೇ. ನಮ್ಮ ತಪ್ಪನ್ನೇ ಹೇಳುವೆವು. ಹಲವು ವರ್ಷಗಳ ಹಿಂದೆ ನಮ್ಮ ಮನೆಯ ಟ್ರಂಕಿನ ಕ್ಯಾಸೆಟ್ಟುಗಳನ್ನೆಲ್ಲ ಒಂದು ಡಿಸ್ಕಿಗೆ ಇಳಿಸಿ, ಕಾರ್ಯವು ಮುಗಿಯಿತೆಂದು ಹಿಗ್ಗಿ, ಟೇಪುಗಳನ್ನು ಗುಜರಿಗೆ ಹಾಕಿದೆವು. ಒಂದು ವೈಶಾಖದಲ್ಲಿ ಡಿಸ್ಕು ಟಿಕ್ ಟಿಕ್ ಎಂದಿತು. ಗಡಿಯಾರದ ಸದ್ದೆಂದು ಸುಮ್ಮನಿದ್ದೆವು. ಎರಡು ದಿನಗಳ ನಂತರ ಅದು ಮಾತಾಡಲಿಲ್ಲ. ಸುಗ್ಗಿಯ ಕಾಲದ ಹಂತಿಯ ಪದಗಳನ್ನು ಹಾಡುತ್ತಿದ್ದ ನಮ್ಮ ಬಂಧುವೊಬ್ಬರ ದನಿಯು ಅದರೊಂದಿಗೆ ಹೋಯಿತು. ಅವರು ಅದಕ್ಕೂ ಮುಂಚೆಯೇ ತೀರಿಕೊಂಡಿದ್ದರು. ಇದಕ್ಕೆ ಯಾರನ್ನು ದೂರುವುದು? ಇನ್ನೊಂದು ಪ್ರತಿಯಿರಲಿಲ್ಲ, ಅಷ್ಟೇ.

ಈ ಪಾಠವನ್ನು ಕಲಿಯಲು ನಾವು ಡಿಸ್ಕು ಕೆಡುವವರೆಗೆ ಕಾಯಬೇಕಾಗಿರಲಿಲ್ಲ. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಮೂರನೆಯ ಕೃಷ್ಣನ ಆಸ್ಥಾನದ ಕವಿಯು ಪೊನ್ನ. 972ರಲ್ಲಿ ಪರಮಾರರ ಸೀಯಕನು ಆ ನಗರವನ್ನು ಸೂರೆಗೊಂಡನು. ಅರಮನೆ ಹೋಯಿತು, ರಾಜ್ಯವೂ ಉಳಿಯಲಿಲ್ಲ. ಕಾಗಿಣೆಯ ದಂಡೆಯಲ್ಲಿ ಇಂದು ಕೋಟೆಯ ಗೋಡೆಗಳೂ ಬಸದಿಯೂ ಕಾಣುವುವು. ಆದರೆ ಪೊನ್ನನ ಶಾಂತಿಪುರಾಣವು ಉಳಿದು ನಮ್ಮ ಕೈಸೇರಿದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಆ ಗ್ರಂಥಕ್ಕೆ ಓಲೆಯ ಮೇಲೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧವಾಗಿದೆ. ಅದೇ ಪೊನ್ನನದೆಂದು ಹೇಳಲಾಗುವ ಭುವನೈಕರಾಮಾಭ್ಯುದಯವು ಮಾತ್ರ ಸಿಕ್ಕಿಲ್ಲ. ಇದಕ್ಕೆ ಪ್ರತಿ ಮಾಡಿಸಿದ ಅತ್ತಿಮಬ್ಬೆಯ ಹೆಸರನ್ನು ನಾವು ಕೇಳಿಲ್ಲ. ತೀರ ಈಚಿನದನ್ನೇ ನೋಡಿರಿ: 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನದ ಪ್ರತಿಯೂ ಇಂದು ದೊರೆಯದಾಗಿದೆ.

ಸಾವಿರ ಬೇಡ, ಮೂರು ಪ್ರತಿಗಳಿರಲಿ. ಒಂದು ಸರ್ವರಿನಲ್ಲಿ, ಎರಡನೆಯದು ಕೆಲಸವಿದ್ದಾಗ ಮಾತ್ರ ಜೋಡಿಸಿ ಮತ್ತೆ ಕಪಾಟಿಗೆ ಸೇರಿಸುವ ಬೇರೊಂದು ಡಿಸ್ಕಿನಲ್ಲಿ, ಮೂರನೆಯದು ಊರಿನಾಚೆ, ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಇರುವ ಮಗಳ ಮನೆಯಲ್ಲಿ. ಒಂದೇ ಪೆಟ್ಟಿಗೆಯೊಳಗೆ ಎರಡು ಡಿಸ್ಕುಗಳನ್ನು ಜೋಡಿಸಿ, ಒಂದು ಕೆಟ್ಟರೆ ಇನ್ನೊಂದಿದೆಯೆಂದು ಬೀಗುವವರು ಕೆಲವರಿರುವರು. ಸಿಡಿಲು ಬಡಿದರೆ ಎರಡೂ ಸುಡುವುವು. ಕೈತಪ್ಪಿ ಅಳಿಸಿದರೆ ಎರಡರಲ್ಲಿಯೂ ಅಳಿಯುವುದು. ಅದು ಯಂತ್ರವು ನಿಲ್ಲದಂತೆ ಮಾಡುವ ಅನುಕೂಲವೇ ಹೊರತು ಪ್ರತಿಯಲ್ಲ. ಆರ್‌ಸಿಂಕ್ ಎಂಬ ಲಿನಕ್ಸಿನ ಹಳೆಯ ಪರಿಚಾರಕನು ಬದಲಾದ ಫೈಲುಗಳನ್ನು ಮಾತ್ರ ಹುಡುಕಿ ನಕಲು ಮಾಡುವನು. ಪ್ರತಿ ಅಮಾವಾಸ್ಯೆಗೆ ಅವನಿಗೆ ಕೆಲಸ ಕೊಟ್ಟರೆ ಸಾಕು. ಸದ್ದಿಲ್ಲದೆ ಕೊಳೆಯುವ ಫೈಲುಗಳೂ ಉಂಟು. ಪ್ರತಿಯೊಂದಕ್ಕೂ ಒಂದು ಗುರುತಿನ ಸಂಖ್ಯೆಯನ್ನು ಲೆಕ್ಕಹಾಕಿಟ್ಟುಕೊಂಡು ವರ್ಷಕ್ಕೊಮ್ಮೆ ಮತ್ತೆ ತಾಳೆ ನೋಡಿದರೆ ಆ ಕೊಳೆತವು ಹೊರಬೀಳುವುದು. ಇದಕ್ಕೆ ಬೇಕಾದ ಸಾಧನವೂ ಲಿನಕ್ಸಿನೊಡನೆಯೇ ಬರುವುದು.

ನಮ್ಮ ಸೀಮೆಗೆ ಸಲ್ಲುವ ಒಂದೆರಡು ಎಚ್ಚರಿಕೆಗಳು. ತಯಾರಕರು ಸಾಮಾನ್ಯವಾಗಿ ಹಾರ್ಡ್ ಡಿಸ್ಕಿಗೆ 60 ಡಿಗ್ರಿಯ ಮೇರೆಯನ್ನು ಹಾಕಿರುವರು. ಹೊರಗೆ ನಲವತ್ಮೂರಿದ್ದಾಗ ಮುಚ್ಚಿದ ಕಪಾಟಿನೊಳಗೆ ಕುದಿಯುವ ಪೆಟ್ಟಿಗೆಯು ಆ ಮೇರೆಗೆ ಎಷ್ಟು ಸಮೀಪವಿರುವುದೆಂದು ಊಹಿಸಿಕೊಳ್ಳಿರಿ. ಸರ್ವರನ್ನು ಮಾಳಿಗೆಯ ಕೆಳಗಣ ಬಿಸಿಗೋಡೆಗೆ ಆನಿಸದೆ, ಶಹಾಬಾದಿ ಕಲ್ಲು ಹಾಸಿದ ನೆಲದ ಸಮೀಪ ಗಾಳಿಯಾಡುವಲ್ಲಿಡಿರಿ; ತೀರ ನೆಲಕ್ಕೂ ಬೇಡ, ಧೂಳು. ವಾಡಿಯ ಸಿಮೆಂಟು ಕಾರ್ಖಾನೆಗಳ ಸುತ್ತಲಿನವರಿಗೂ ಶಹಾಬಾದದ ಗಣಿಗಳ ನೆರೆಯವರಿಗೂ ಧೂಳಿನ ವಿಷಯವನ್ನು ನಾವು ಹೇಳಿಕೊಡಬೇಕೆ? ಎರಡು ತಿಂಗಳಿಗೊಮ್ಮೆ ಫ್ಯಾನಿನ ಜಾಲರಿಯನ್ನು ಕುಂಚದಿಂದ ಒರೆಸಬೇಕು. ವಿದ್ಯುತ್ತು ಹೋಗಿ ಬರುವ ಹೊಡೆತಕ್ಕೆ ಚಿಕ್ಕದೊಂದು ಯು.ಪಿ.ಎಸ್. ಅವಶ್ಯ. ಮುಂಗಾರಿನ ಮೊದಲ ಗುಡುಗಿಗೆ ತಂತಿಗಳನ್ನು ಕಿತ್ತಿಡುವುದು ಎಲ್ಲಕ್ಕಿಂತ ಅಗ್ಗದ ವಿಮೆ.

ಸರ್ವರ್ ಎಂದರೆ ಕದ್ದ ಸಿನಿಮಾಗಳ ಉಗ್ರಾಣವೆಂದು ತಿಳಿದಿರುವ ಹುಡುಗರೂ ಉಂಟು. ಅವರಿಗೆ ನಮ್ಮ ಬೆಂಬಲವಿಲ್ಲ. 1957ರ ಕೃತಿಸ್ವಾಮ್ಯದ ಕಾಯಿದೆಯಂತೆ ಚಲನಚಿತ್ರಕ್ಕೂ ಧ್ವನಿಮುದ್ರಣಕ್ಕೂ ಪ್ರಕಟವಾದ ಮರುವರ್ಷದಿಂದ 60 ವರ್ಷಗಳ ರಕ್ಷಣೆಯಿದೆ. ಊರ ಕಲಾವಿದನ ದನಿಯನ್ನು ಮನೆಯ ಗೋಡೆಗಳಾಚೆ ಕೇಳಿಸಬೇಕಾದಲ್ಲಿ ಅವನನ್ನು, ಅವನಿಲ್ಲದಿದ್ದರೆ ಅವನ ಮಕ್ಕಳನ್ನು ಕೇಳಿಯೇ ಮುಂದುವರಿಯುವುದು ಮರ್ಯಾದೆ.

ಕೊನೆಯದು ಉತ್ತರಾಧಿಕಾರದ ಮಾತು. ಇಂಥ ಭಂಡಾರಗಳನ್ನು ಕಟ್ಟುವವನು ಬಹುತೇಕ ಮನೆಯಲ್ಲಿ ಒಬ್ಬನೇ ತರುಣ. ಅವನು ಓದಲೆಂದೋ ನೌಕರಿಗೆಂದೋ ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿದ ದಿನ ಪಾಸ್‌ವರ್ಡೂ ಅವನೊಡನೆ ಹತ್ತುವುದು. ಆದಕಾರಣ ಯಂತ್ರದ ಹೆಸರು, ಪಾಸ್‌ವರ್ಡು, ಯಾವ ಡಿಸ್ಕು ಎಲ್ಲಿದೆ, ಪ್ರತಿಯನ್ನು ಹೇಗೆ ಮಾಡಬೇಕು ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಕೈಯಿಂದ ಬರೆದು ಆಸ್ತಿಪತ್ರಗಳೊಡನೆ ಇಡತಕ್ಕುದು. ಮನೆಯ ಹೆಣ್ಣುಮಕ್ಕಳಿಗೂ ಈ ಕೆಲಸವನ್ನು ಕಲಿಸತಕ್ಕುದು. ಸೋಬಾನೆಯ ಪದವು ಯಾರದು, ಯಾವ ಶಾಸ್ತ್ರಕ್ಕೆ ಹಾಡುವುದು ಎಂಬುದನ್ನು ಅವರೇ ಬಲ್ಲರಷ್ಟೆ.

ಎಲ್ಲ ಮನೆಗಳಿಗೂ ಇದು ಸಾಧ್ಯವಾಗದೆಂಬುದನ್ನು ನಾವು ಬಲ್ಲೆವು. ಸರ್ಕಾರವು ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು ಅರಿವು ಕೇಂದ್ರಗಳೆಂದು ಕರೆದು ಹಲವೆಡೆ ಕಂಪ್ಯೂಟರುಗಳನ್ನು ಕೊಟ್ಟಿದೆ. ಕಾಳಗಿಯು ಹೊಸ ತಾಲ್ಲೂಕು. ಅದರ ಕಚೇರಿಗಳು ಇನ್ನೂ ಬೇರೂರುತ್ತಿರುವ ಈ ಕಾಲದಲ್ಲಿ, ತಾಲ್ಲೂಕಿನ ಒಂದು ಕೇಂದ್ರದಲ್ಲಾದರೂ ಚಾಲ್ತಿಯಲ್ಲಿರುವ ಒಂದು ಟೇಪ್ ರೆಕಾರ್ಡರು, ಒಂದು ಲಿನಕ್ಸ್ ಯಂತ್ರ, ಎರಡು ಡಿಸ್ಕು, ವಾರಕ್ಕೆರಡು ಸಂಜೆ ಕುಳಿತುಕೊಳ್ಳುವ ಒಬ್ಬ ಕಾಲೇಜು ವಿದ್ಯಾರ್ಥಿ, ಇಷ್ಟನ್ನು ಒದಗಿಸುವಂತೆ ಸಂಬಂಧಪಟ್ಟವರನ್ನು ನಾವು ಕೇಳಿಕೊಳ್ಳುವೆವು. ಕ್ಯಾಸೆಟ್ಟನ್ನು ತಂದವರಿಗೆ ಅದನ್ನೂ ಅದರ ಪ್ರತಿಯನ್ನೂ ಅಂದೇ ಹಿಂದಿರುಗಿಸಬೇಕು. ಇಲ್ಲದಿದ್ದರೆ ಜನರು ಎರಡನೆಯ ಸಲ ಟ್ರಂಕು ತೆರೆಯಲಾರರು. ಈ ಭಾಗದಲ್ಲಿ ಇಂಥ ಭಂಡಾರವನ್ನು ಈಗಾಗಲೇ ಕಟ್ಟಿ ನಡೆಸುತ್ತಿರುವ ಮಹನೀಯರು ತಮ್ಮ ಕ್ರಮವನ್ನೂ, ಪಟ್ಟ ಪಾಡನ್ನೂ ಬರೆದು ಕಳುಹಿಸಿದರೆ ಇದೇ ಪುಟದಲ್ಲಿ ಸಂತೋಷದಿಂದ ಪ್ರಕಟಿಸುವೆವು.